ಊರು ಬಿಟ್ಟವರ ಕಾರ್ಡು

ಡಾಕ್ಟರ್ ಕುಶಲಾ ಶೆಟ್ಟಿ ಮದುವೆ ಊಟಕ್ಕೆ ಹೋದರೆ ಒಂದು ಕಾಟ ತಪ್ಪುತ್ತಿರಲಿಲ್ಲ. ಕೈ ತೊಳೆದು ಬರುವಷ್ಟರಲ್ಲಿ ಯಾರಾದರೊಬ್ಬರು ಅವಳನ್ನು ಮೂಲೆಗೆ ಕರೆದು, ಬಾಯಿ ಅಗಲಿಸಿ, ಹುಳ ಹಿಡಿದ ದವಡೆ ಹಲ್ಲು ತೋರಿಸುತ್ತಿದ್ದರು. ತಾನು ಹಲ್ಲಿನ ಡಾಕ್ಟರಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಅವಳು ಹೇಳುವುದನ್ನೇ ಬಿಟ್ಟಳು. "ಕೀಳಿಸಿಬಿಡಿ" ಎಂದು ಹೇಳಿ ಚಪ್ಪಲಿ ಹುಡುಕುತ್ತಿದ್ದಳು. ಅವಳ ಮನೆಯಿದ್ದ ಬಿಜೈಯ ಜನರನ್ನು ದೂರಿ ಪ್ರಯೋಜನವಿಲ್ಲ. ಚೀಲದಲ್ಲಿ ಟಾರ್ಚು ಮತ್ತು ಮರದ ಕಡ್ಡಿಗಳನ್ನು ಇಟ್ಟುಕೊಂಡು ಕಂಡಕಂಡ ಹೆಂಗಸರ ಬಾಯಿ ನೋಡುತ್ತಾ ತಿರುಗುವವಳನ್ನು ಅವರು ಬೇರೇನೆಂದು ತಿಳಿಯಬೇಕಿತ್ತು?

ಅವಳ ಅಣ್ಣ ಜಯಪಾಲನಿಗೆ ಫಳ್ನೀರಿನಲ್ಲಿ ಹೋಟೆಲು ಇತ್ತು. ತಂಗಿ ಎಂಬಿಬಿಎಸ್ ಮುಗಿಸಿದಾಗಿನಿಂದ ಅವನದು ಒಂದೇ ವರಾತ. "ಮಾಳಿಗೆ ಖಾಲಿ ಉಂಟು ಮಾರಾಯ್ತಿ. ಒಂದು ಹೆರಿಗೆ ಆಸ್ಪತ್ರೆ ಹಾಕು. ಕೆಳಗೆ ನನ್ನ ಇಡ್ಲಿ, ಮೇಲೆ ನಿನ್ನ ಮಕ್ಕಳು. ಎರಡೂ ಬೆಳಗಾಗುವಾಗ ಬಿಸಿಬಿಸಿ." ಕುಶಲಾ ನಗುತ್ತಿದ್ದಳು, ಒಪ್ಪುತ್ತಿರಲಿಲ್ಲ. ಮದುವೆಗೂ ಒಪ್ಪಲಿಲ್ಲ. ತಾಯಿ ತೀರಿಕೊಂಡ ಮೇಲೂ ಬಿಜೈಯ ಮನೆಯಲ್ಲೇ ಉಳಿದಳು. ಅದು ತಾಯಿಯ ಮನೆ, ಅಂದ ಮೇಲೆ ಅವಳ ಮನೆ.

ಅವಳ ತಲೆ ಕೆಡಿಸಿದ್ದು 1971ರಲ್ಲಿ, ಅವಳು ಕೆಲಸಕ್ಕಿದ್ದ ಮೆಡಿಕಲ್ ಕಾಲೇಜಿನ ವಾರ್ಡಿಗೆ ಬಂದ ಒಬ್ಬ ಮೀನು ಮಾರುವ ಹೆಂಗಸು. ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಬಾಯಿಯೊಳಗಿನ ಕ್ಯಾನ್ಸರ್ ಹುಣ್ಣು ಕೆನ್ನೆ ತೂತು ಮಾಡಿ ಹೊರಗೆ ಬಂದಿತ್ತು. ಹೊಗೆಸೊಪ್ಪು ಹಾಕಿ ಎಲೆಅಡಿಕೆ ತಿನ್ನುವುದು ಹತ್ತನೆಯ ವಯಸ್ಸಿನಿಂದ ಅಭ್ಯಾಸ. ಮೂರು ವಾರದಲ್ಲಿ ಸತ್ತಳು. ಇಂಥವರು ನಮ್ಮ ಪೇಟೆಯಲ್ಲಿ ಎಷ್ಟು ಜನ ಇದ್ದಾರೆ ಎಂದು ಕುಶಲಾ ಹಿರಿಯ ಸರ್ಜನ್ನರನ್ನು ಕೇಳಿದಳು. ಅವರು "ತುಂಬಾ" ಎಂದರು. ತುಂಬಾ ಎಂದರೆ ಎಷ್ಟು ಎಂದು ಇವಳು ಮತ್ತೆ ಕೇಳಿದಳು. ಆ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಒಳ್ಳೆಯ ಡಾಕ್ಟರಾಗಬಹುದಾಗಿದ್ದ ಒಬ್ಬಳು ಎಣಿಸುವ ಡಾಕ್ಟರಾದದ್ದು ಹೀಗೆ.

1974ರಲ್ಲಿ ದೆಹಲಿಯಿಂದ ಅನುದಾನ ಬಂತು. ನದಿಯ ಆಚೆಯ ಬೆಂಗ್ರೆ, ಈಚೆಯ ಬೋಳಾರ, ಇನ್ನೆರಡು ಕಡಲ ಬದಿಯ ಕೇರಿಗಳು. ಮೂವತ್ತು ದಾಟಿದ ಎಂಟು ಸಾವಿರ ಹೆಂಗಸರು, ಅವರಲ್ಲಿ ಅರ್ಧದಷ್ಟು ಮಂದಿ ಹೊಗೆಸೊಪ್ಪು ತಿನ್ನುವವರು, ಅರ್ಧ ತಿನ್ನದವರು. ವರ್ಷಕ್ಕೊಮ್ಮೆ ಪ್ರತಿ ಮನೆಗೂ ಹೋಗಬೇಕು. ಬಾಯಿ ನೋಡಬೇಕು. ಇದ್ದಾರೆಯೇ, ಸತ್ತಿದ್ದಾರೆಯೇ, ಸತ್ತಿದ್ದರೆ ಯಾವುದರಿಂದ ಎಂದು ಬರೆಯಬೇಕು. ಹತ್ತು ವರ್ಷ ಹೀಗೆ ಬೆನ್ನು ಹಿಡಿದರೆ ಹೊಗೆಸೊಪ್ಪು ಎಷ್ಟು ಜನರನ್ನು ಕೊಲ್ಲುತ್ತದೆ ಎಂಬುದು ತಾನಾಗಿ ಹೊರಬೀಳುತ್ತದೆ. ಕಾಗದದ ಮೇಲೆ ಇದು ಬಹಳ ಸುಲಭ.

ಮನೆ ಮನೆ ಸುತ್ತಲು ಆರು ಹೆಂಗಸರನ್ನು ಆರಿಸಿಕೊಂಡಳು. ಅವರಲ್ಲಿ ಹಿರಿಯಳು ಬೋಳಾರದ ಅಮ್ಮಣ್ಣಿ. ಏಳನೆಯ ಕ್ಲಾಸಿನವರೆಗೆ ಓದಿದವಳು, ಮೀನುಗಾರ ಮೊಗವೀರರ ಪೈಕಿ ವಿಧವೆ, ಮಕ್ಕಳಿಲ್ಲ. ಹನ್ನೆರಡು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತವಳು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಅತ್ತೆ ಕಚ್ಚುತ್ತಾಳೆ, ಎಲ್ಲ ಅವಳಿಗೆ ಗೊತ್ತು. ಅವಳ ಅಕ್ಷರ ಗುಂಡುಗುಂಡಾಗಿತ್ತು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದಳು, ತನ್ನದೊಂದು ಮಾತು ಸೇರಿಸುತ್ತಿರಲಿಲ್ಲ. ಇದು ಅವಳ ದೊಡ್ಡ ಗುಣವೆಂದು ಕುಶಲಾ ಎಲ್ಲರ ಮುಂದೆ ಹೊಗಳುತ್ತಿದ್ದಳು.

ಕಾರ್ಡುಗಳೆಂದರೆ ಅಂಚಿನ ಸುತ್ತ ತೂತುಗಳಿದ್ದ ದಪ್ಪ ರಟ್ಟಿನವು. ಒಂದೊಂದು ತೂತಿಗೆ ಒಂದೊಂದು ಪ್ರಶ್ನೆ. ಉತ್ತರ ಹೌದಾದರೆ ಆ ತೂತನ್ನು ಅಂಚಿನವರೆಗೆ ಕತ್ತರಿಸಿಬಿಡುವುದು. ಆಮೇಲೆ ಕಟ್ಟಿನ ಆ ತೂತಿಗೆ ಉಣ್ಣೆ ಹೆಣೆಯುವ ಸೂಜಿ ತೂರಿಸಿ ಎತ್ತಿ ಅಲುಗಿಸಿದರೆ, ಕತ್ತರಿಸಿದ ಕಾರ್ಡುಗಳು ಮಾತ್ರ ಉದುರುತ್ತವೆ. ಕಾರ್ಡಿನ ಕೆಳಗಿನ ಷರಾದ ಕಾಲಂನಲ್ಲಿ ಬರೆಯಲು ಇದ್ದದ್ದು ಮೂರೇ ಉತ್ತರ. ಇದ್ದಾರೆ. ಸತ್ತಿದ್ದಾರೆ. ಊರು ಬಿಟ್ಟಿದ್ದಾರೆ. ಮೂರನೆಯದು ಬಂದರೆ ಆ ಹೆಂಗಸಿನ ಕಾರ್ಡನ್ನು ಕಟ್ಟಿನಿಂದ ತೆಗೆದು ಬೇರೆ ಡಬ್ಬಿಗೆ ಹಾಕುವುದು, ಅವಳನ್ನು ಮುಂದಿನ ಎಣಿಕೆಯಿಂದ ಬಿಡುವುದು. ಅಮೆರಿಕದ ಪುಸ್ತಕದಲ್ಲೂ ಹೀಗೇ ಇತ್ತು, ಬೊಂಬಾಯಿಯ ಸಂಶೋಧಕರೂ ಹೀಗೇ ಮಾಡಿದ್ದರು.

ಹತ್ತು ವರ್ಷ ಕುಶಲಾ ನಡೆದಳು. ಕಡವಿನ ದೋಣಿಯಲ್ಲಿ ನದಿ ದಾಟಿ, ಬಿಸಿ ಮರಳಿನಲ್ಲಿ ಚಪ್ಪಲಿ ಎಳೆದುಕೊಂಡು, ಒಣಮೀನಿನ ವಾಸನೆಯಲ್ಲಿ ಕೂತು ಬಾಯಿ ನೋಡಿದಳು. ಮೊಣಕಾಲು ನೋಯಲು ಶುರುವಾದದ್ದು 1979ರಲ್ಲಿ. ಎರಡನೆಯ ವರ್ಷದಿಂದ ಬೆಂಗ್ರೆಯ ಶಾಲೆಯ ಜಗಲಿಯಲ್ಲಿ ಪ್ರತಿ ಗುರುವಾರ ತಪಾಸಣೆಯನ್ನೂ ಇಟ್ಟಿದ್ದಳು. ಕೆನ್ನೆಯೊಳಗೆ ಬಿಳಿ ಕಲೆ ಕಂಡವರನ್ನು ಹಿಡಿದು, ಹೊಗೆಸೊಪ್ಪು ಬಿಡಿಸಿ, ಬೇಕಾದರೆ ಆ ಜಾಗ ಕತ್ತರಿಸಿ ತೆಗೆಸುತ್ತಿದ್ದಳು. ಸಂಶೋಧನೆಯಲ್ಲಿ ಅವಳಿಗೆ ಖುಷಿ ಕೊಡುತ್ತಿದ್ದ ಭಾಗ ಇದೊಂದೇ. ಅಲ್ಲಿ ಎಣಿಸುವುದು ಮಾತ್ರವಲ್ಲ, ಉಳಿಸುವುದೂ ಇತ್ತು.

1983ರ ಕೊನೆಗೆ ಕಾರ್ಡುಗಳನ್ನು ಅಲುಗಿಸಿ ನೋಡಿದಾಗ ಬಾಯಿಯ ಕ್ಯಾನ್ಸರಿನಿಂದ ಸತ್ತವರು ಒಂಬತ್ತೇ ಜನ. ಹೊಗೆಸೊಪ್ಪು ತಿನ್ನುವವರು ಆರು, ತಿನ್ನದವರು ಮೂರು. ಎಂಟು ಸಾವಿರದಲ್ಲಿ ಇದು ಏನೇನೂ ಅಲ್ಲ, ಆರಕ್ಕೂ ಮೂರಕ್ಕೂ ಇರುವ ಅಂತರ ಆಕಸ್ಮಿಕವೂ ಇರಬಹುದು. ವಾರ್ಡಿನಲ್ಲಿ ಮಾತ್ರ ಮುಖ ಮುಚ್ಚಿಕೊಂಡ ಹೆಂಗಸರು ಬರುತ್ತಲೇ ಇದ್ದರು. ಅವರು ಬೇರೆ ಊರುಗಳಿಂದ ಬರುವವರು, ಕಾಪು, ಉಚ್ಚಿಲ, ಕಾಸರಗೋಡಿನವರು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ನಿಜವೂ ಹೌದು. ವಾರ್ಡಿನ ಪುಸ್ತಕದಲ್ಲಿ ಅದೇ ವಿಳಾಸ ಇತ್ತು.

ವಿಭಾಗದ ಮುಖ್ಯಸ್ಥರು ಡಾಕ್ಟರ್ ಸರ್ವೋತ್ತಮ. ಕೆಟ್ಟವರಲ್ಲ. ತೊಂದರೆ ಇಲ್ಲದ ಫಲಿತಾಂಶ ಕಂಡರೆ ಅವರಿಗೆ ಬಹಳ ಪ್ರೀತಿ. ವರದಿಗೆ ಕುಶಲಾ ಸಹಿ ಹಾಕಿದಳು, ಅವರೂ ಹಾಕಿದರು, ದೆಹಲಿಗೆ ಹೋಯಿತು. ಎರಡು ತಿಂಗಳಲ್ಲಿ ಉತ್ತರ ಬಂತು. ಈ ಪ್ರದೇಶದ ಹೆಂಗಸರಲ್ಲಿ ರೋಗ ಅಷ್ಟಾಗಿ ಕಾಣದ ಕಾರಣ ಗುರುವಾರದ ತಪಾಸಣೆಯನ್ನು ಮಾರ್ಚಿಗೆ ನಿಲ್ಲಿಸತಕ್ಕದ್ದು. ಕುಶಲಾಗೆ ಅಳು ಬಂತು. ಆದರೆ ತಾನೇ ಕೊಟ್ಟ ಸಂಖ್ಯೆಯ ವಿರುದ್ಧ ತಾನೇ ಯಾವ ಬಾಯಿಂದ ವಾದಿಸುವುದು? ಮಾರ್ಚಿನ ಕೊನೆಯ ಗುರುವಾರ ಬೆಂಚು ಒಳಗಿಡಿಸಿ ಬಂದಳು.

ಅದೇ ವರ್ಷದ ಮಳೆಗಾಲದಲ್ಲಿ ಅವಳ ಅಕ್ಕ ಜಲಜಾಕ್ಷಿಯ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಜಲಜಾಕ್ಷಿಯನ್ನು ಕೊಟ್ಟದ್ದು ಶಕ್ತಿನಗರದ ಮನೆಗೆ. ಗಂಡ, ಮಗ, ಸೊಸೆ ಎಲ್ಲ ಒಳ್ಳೆಯವರು, ಯಾವುದಕ್ಕೂ ಕಡಿಮೆ ಮಾಡಿದವರಲ್ಲ. ಸರ್ಜನ್ನರು ಕೈ ಚೆಲ್ಲಿದ ದಿನ ಜಲಜಾಕ್ಷಿ ತಂಗಿಯ ಕೈ ಹಿಡಿದು, "ನನ್ನನ್ನು ಮನೆಗೆ ಕರ್ಕೊಂಡು ಹೋಗು" ಎಂದಳು.

ಯಾವ ಮನೆ ಎಂದು ಅಲ್ಲಿದ್ದವರು ಯಾರೂ ಕೇಳಲಿಲ್ಲ. ಗಂಡನೇ ಕಾರು ತರಿಸಿದ. ಅಳಿಯಕಟ್ಟಿನವರಲ್ಲಿ ಹೆಣ್ಣು ತಾಯಿಯ ಕುಟುಂಬಕ್ಕೆ ಸೇರಿದವಳು. ಗಂಡನ ಮನೆಯಲ್ಲಿ ಮೂವತ್ತು ವರ್ಷ ಬೇಯಿಸಿ ಬಡಿಸಿದರೂ ಕುಟುಂಬ ಬದಲಾಗುವುದಿಲ್ಲ. ಎಲ್ಲರೂ ಹೀಗೆ ಮಾಡುತ್ತಾರೆಂದಲ್ಲ. ಆದರೆ ಇನ್ನು ಏಳುವುದಿಲ್ಲ ಎಂದಾದಾಗ ತಾಯಿಯ ಮನೆಗೆ ಹೊರಡುವುದು ಹಲವರಿಗೆ ಬಾಯಾರಿದಾಗ ನೀರು ಕೇಳಿದಷ್ಟು ಸಹಜ. ಹಾಸಿಗೆಯಲ್ಲಿ ಮೈ ತೊಳೆಯಲು ಸೊಸೆಗಿಂತ ತಂಗಿ ಆದೀತು ಎಂಬ ಲೆಕ್ಕವೂ ಅದರಲ್ಲಿ ಇರುತ್ತದೆ. ಜಲಜಾಕ್ಷಿ ಬಿಜೈಯಲ್ಲಿ ತಾನು ಹುಟ್ಟಿದ ಕೋಣೆಯಲ್ಲೇ ಮಲಗಿದಳು.

ಎರಡು ವಾರ ಕಳೆದು ಅಕ್ಕನ ಸೀರೆಗಳನ್ನು ತರಲು ಕುಶಲಾ ಶಕ್ತಿನಗರಕ್ಕೆ ಹೋದಳು. ಮನೆಗೆ ಬೀಗ. ಬೀಗದ ಕೈ ಪಕ್ಕದ ಮನೆಯ ಮಗ್ದಲೀನ್ ಬಾಯಿ ಎಂಬ ಮುದುಕಿಯ ಹತ್ತಿರ ಇತ್ತು. ಆ ಮುದುಕಿ ಮಾತಿಗೆ ಕಾದು ಕೂತವಳು.

"ಜಲಜಾಕ್ಷಿ ಹೇಗಿದ್ದಾಳೆ? ಮೊನ್ನೆ ವೋಟರ್ ಲಿಸ್ಟಿನ ಹುಡುಗಿ ಬಂದಿದ್ದಳು. ಈ ಮನೆಯಲ್ಲಿ ಯಾರೆಲ್ಲ ಇದ್ದಾರೆ ಅಂತ ಕೇಳಿದಳು. ಜಲಜಾಕ್ಷಿ ಇಲ್ಲ, ಅಮ್ಮನ ಮನೆಗೆ ಹೋದಳು, ಇನ್ನು ಬರ್ಲಿಕ್ಕಿಲ್ಲ ಅಂದೆ."

"ಅವಳು ಎಂತ ಬರ್ಕೊಂಡಳು?"

"ಊರು ಬಿಟ್ಟಿದ್ದಾರೆ ಅಂತ ಬರ್ದಳು. ಮತ್ತೆಂತ ಬರೀತಾಳೆ?"

ಸೀರೆಗಳನ್ನು ಅಲ್ಲೇ ಬಿಟ್ಟು, ಸಿಕ್ಕಿದ ಆಟೋ ಹತ್ತಿ ಕುಶಲಾ ನೇರವಾಗಿ ಕಾಲೇಜಿಗೆ ಬಂದಳು.

ಡಬ್ಬಿಯಲ್ಲಿ ಊರು ಬಿಟ್ಟವರ ಕಾರ್ಡು ಮುನ್ನೂರ ನಲವತ್ತೇಳು ಇದ್ದವು. ಹೊಗೆಸೊಪ್ಪಿನ ತೂತಿಗೆ ಸೂಜಿ ತೂರಿಸಿ ಎತ್ತಿದಳು. ಮುಕ್ಕಾಲು ಪಾಲು ಉದುರಿದವು. ಬಿಳಿ ಕಲೆಯ ತೂತಿಗೆ ತೂರಿಸಿದಳು. ಅಲ್ಲೂ ಉದುರುವುದು ನಿಲ್ಲಲಿಲ್ಲ. ಅಮ್ಮಣ್ಣಿಯನ್ನು ಕರೆಸಿದಳು. ಇಬ್ಬರ ಮಾತೂ ತುಳುವಿನಲ್ಲೇ ನಡೆದದ್ದು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

"ಇವರೆಲ್ಲ ಎಲ್ಲಿಗೆ ಹೋದದ್ದು ಅಮ್ಮಣ್ಣಿ?"

"ಎಲ್ಲಿಗೆ ಅಂದ್ರೆ? ಕೆಲವರು ಮಗನ ಹತ್ತಿರ ಬೊಂಬಾಯಿಗೆ. ಮತ್ತಿನವರು ಅಮ್ಮನ ಮನೆಗೆ."

"ಎಂತಕ್ಕೆ?"

ಅಮ್ಮಣ್ಣಿ ಅವಳ ಮುಖವನ್ನೇ ನೋಡಿದಳು. "ಸಾಯ್ಲಿಕ್ಕೆ, ಡಾಕ್ಟ್ರಮ್ಮ."

"ನೀನು ನನಗೆ ಹೇಳ್ಲಿಲ್ಲ!"

"ಷರಾದಲ್ಲಿ ಮೂರೇ ಅಲ್ವಾ ಇದ್ದದ್ದು? ನಾನು ಹೋಗುವಾಗ ಅವರು ಆ ಮನೆಯಲ್ಲಿ ಇರ್ಲಿಲ್ಲ. ಸತ್ತದ್ದನ್ನು ನಾನು ಕಣ್ಣಲ್ಲಿ ನೋಡ್ಲಿಲ್ಲ. ನೋಡದ್ದನ್ನು ಬರೀಬಾರ್ದು ಅಂತ ನೀವೇ ಹೇಳಿದ್ದು." ಉದುರಿದ ಕಾರ್ಡುಗಳನ್ನು ಒಟ್ಟು ಮಾಡುತ್ತಾ ಹೇಳಿದಳು, "ನಿಮಗೆ ಗೊತ್ತುಂಟು ಅಂತ ನಾನು ಎಣಿಸಿದ್ದೆ. ನೀವೂ ನಮ್ಮ ಹಾಗೆ ಅಳಿಯಕಟ್ಟಿನವರೇ ಅಲ್ವಾ?"

ಕುಶಲಾಗೆ ಸಿಟ್ಟು ಬಂದದ್ದು ನಿಜ, ಆದರೆ ಆ ಸಿಟ್ಟನ್ನು ಇಡಲು ತನ್ನ ತಲೆಯೊಂದನ್ನು ಬಿಟ್ಟರೆ ಬೇರೆ ಜಾಗ ಇರಲಿಲ್ಲ. ಪುಸ್ತಕ ಬರೆದ ಅಮೆರಿಕದವನಿಗೆ ಗೊತ್ತಿರಲಿಲ್ಲ, ದೆಹಲಿಯವನಿಗೂ ಗೊತ್ತಿರಲಿಲ್ಲ, ಸರಿ. ತಾಯಿಯ ಮನೆಯಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಅಲ್ಲೇ ಉಳಿದ ತನಗೆ ಏನಾಗಿತ್ತು? ಫಾರಂ ಬರೆಯಲು ಕೂತಾಗ ಅವಳು ಮನೆ ಎಂದರೆ ಗಂಡನ ಮನೆ ಎಂದು ಬರೆದಿದ್ದಳು. ಓದಿದ್ದು ಹೆಚ್ಚಾಗಿ ಗೊತ್ತಿದ್ದದ್ದು ಮರೆತುಹೋಗಿತ್ತು. ಯಾರನ್ನು ಎಣಿಸಲು ಹೊರಟಿದ್ದಳೋ ಅವರನ್ನೇ ಆರಿಸಿ ಆರಿಸಿ ಡಬ್ಬಿಗೆ ಹಾಕಿದ್ದಳು.

ಜಲಜಾಕ್ಷಿ ಆಗಸ್ಟಿನಲ್ಲಿ ತೀರಿಕೊಂಡಳು. ಉತ್ತರಕ್ರಿಯೆ ಮುಗಿಸಿ ಕೆಲಸಕ್ಕೆ ಬಂದ ದಿನವೇ ಕುಶಲಾ ಡಾಕ್ಟರ್ ಸರ್ವೋತ್ತಮರಿಗೆ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ವರದಿ ಹೋಗಿ ಆಯ್ತಲ್ಲ ಮಾರಾಯ್ರೇ. ಈಗ ತಪ್ಪು ಅಂತ ಬರೆದ್ರೆ ನಿಮ್ಮ ಪ್ರೊಫೆಸರ್ ಹುದ್ದೆಯ ಕತೆ ಎಂತ? ನನಗೂ ಎರಡು ವರ್ಷ ಉಂಟು ರಿಟೈರ್ ಆಗ್ಲಿಕ್ಕೆ."

"ತಪಾಸಣೆ ನಿಂತದ್ದು ಆ ವರದಿಯಿಂದ ಸರ್. ಅಲ್ಲಿ ಹೆಂಗಸರು ಈಗಲೂ ಸಾಯ್ತಾ ಇದ್ದಾರೆ."

"ಹಾಗಾದ್ರೆ ಹುಡುಕಿ. ರಜೆ ಹಾಕಿ ಹುಡುಕಿ. ನಾನು ಬೇಡ ಅನ್ನುವುದಿಲ್ಲ, ಬೇಕು ಅಂತಲೂ ಹೇಳುವುದಿಲ್ಲ."

ಅಷ್ಟು ಸಿಕ್ಕಿದ್ದೇ ಹೆಚ್ಚು. ಅನುದಾನ ಮುಗಿದು ಉಳಿದ ಐವರು ಹೆಂಗಸರು ಮನೆಗೆ ಹೋಗಿದ್ದರು. ಅಮ್ಮಣ್ಣಿ ಮಾತ್ರ ಕಾಲೇಜಿನಲ್ಲಿ ಆಯಾ ಕೆಲಸ ಹಿಡಿದು ಉಳಿದಿದ್ದಳು. ಐವತ್ತು ದಾಟಿದ ಇಬ್ಬರು ಹೆಂಗಸರು ರವಿವಾರ, ರಜಾದಿನ ಎನ್ನದೆ ಹೊರಟರು. ಗಂಡನ ಮನೆಗೆ ಹೋಗಿ ತಾಯಿಮನೆ ಯಾವ ಊರೆಂದು ಕೇಳುವುದು, ಆ ಊರಿಗೆ ಬಸ್ಸು ಹಿಡಿಯುವುದು. ಸಸಿಹಿತ್ಲು, ಹೆಜಮಾಡಿ, ಕಾಪು, ಮಲ್ಪೆ. ದಕ್ಷಿಣಕ್ಕೆ ಉಳ್ಳಾಲ ದಾಟಿ ಕಾಸರಗೋಡಿನವರೆಗೆ. ವಾರ್ಡಿನ ಪುಸ್ತಕದಲ್ಲಿ ಬೇರೆ ಊರಿನವರೆಂದು ಬರೆದಿದ್ದ ಹೆಂಗಸರಲ್ಲಿ ಹಲವರು ಇವಳ ಬೆಂಗ್ರೆಯವರೇ, ಇವಳ ಬೋಳಾರದವರೇ. ಒಂದೊಂದು ಜಗಲಿಯಲ್ಲಿ ಕೂತು ಎದ್ದಾಗಲೂ ಕುಶಲಾಗೆ ಮೊಣಕಾಲಿಗಿಂತ ಎದೆ ಹೆಚ್ಚು ಭಾರವಾಗುತ್ತಿತ್ತು.

ಹೆಜಮಾಡಿಯಲ್ಲಿ ಯಾದವ ಎಂಬವನು ಬಲೆ ಹೆಣೆಯುತ್ತಾ ಕೂತಿದ್ದ. ಬೆಂಗ್ರೆಗೆ ಕೊಟ್ಟಿದ್ದ ಅವನ ಅಕ್ಕ ಲಕ್ಷ್ಮಿಯ ಕಾರ್ಡು ಕುಶಲಾಳ ಕೈಯಲ್ಲಿತ್ತು. 1978ರಲ್ಲಿ ಎಡಗೆನ್ನೆಯಲ್ಲಿ ಬಿಳಿ ಕಲೆ. 1979ರಲ್ಲಿ ಊರು ಬಿಟ್ಟಿದ್ದಾರೆ.

"ಹೌದು, ಇಲ್ಲಿಯೇ ತೀರಿಹೋದದ್ದು" ಎಂದ ಯಾದವ, ಕೈ ನಿಲ್ಲಿಸದೆ. "ಎಂಟು ತಿಂಗಳು ಇದ್ದಳು. ಆಸ್ಪತ್ರೆಗೆ ಹೋಗುವ ಅಂದ್ರೆ ಬೇಡ ಅಂತಿದ್ದಳು. ನನ್ನ ಹೆಸರು ಕಾರ್ಡಿನಲ್ಲಿ ಉಂಟು, ಡಾಕ್ಟ್ರಮ್ಮ ವರ್ಷಕ್ಕೊಮ್ಮೆ ಬಂದೇ ಬರ್ತಾರೆ, ನನ್ನನ್ನು ಹುಡುಕಿಕೊಂಡು ಬರ್ತಾರೆ ಅಂತಿದ್ದಳು."

ಕುಶಲಾ ಕಾರ್ಡನ್ನು ಮಡಿಲಲ್ಲಿ ಮಗುಚಿಟ್ಟಳು.

"ನೀವೇಯಾ ಆ ಡಾಕ್ಟ್ರಮ್ಮ?"

"ಹೌದು."

"ಆರು ವರ್ಷ ತಡ ಆಯ್ತಲ್ಲ ನಿಮಗೆ" ಎಂದ ಯಾದವ. ಅವನ ದನಿಯಲ್ಲಿ ಕೋಪ ಇರಲಿಲ್ಲ, ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಬಸ್ಸಿಗೆ ಕಾಯುವಾಗ ಕುಶಲಾ ರಸ್ತೆ ಬದಿಯಲ್ಲಿ ನಿಂತು ಅತ್ತಳು. ಅಮ್ಮಣ್ಣಿ ಅವಳ ಚೀಲ ಹಿಡಿದುಕೊಂಡು, ಎಲೆಅಡಿಕೆ ಜಗಿಯುತ್ತಾ, ಬಸ್ಸು ಬರುವ ದಿಕ್ಕನ್ನು ನೋಡುತ್ತಾ ನಿಂತಳು.

ಎರಡು ವರ್ಷ ಹಿಡಿಯಿತು. ಮುನ್ನೂರ ನಲವತ್ತೇಳರಲ್ಲಿ ಮುನ್ನೂರ ಒಂದು ಜನರ ಸುದ್ದಿ ಸಿಕ್ಕಿತು. ನಿಜವಾಗಿ ಊರು ಬಿಟ್ಟು ಬದುಕಿದ್ದವರು ನೂರ ಅರವತ್ತೊಂದು. ಸತ್ತವರು ನೂರ ನಲವತ್ತು, ಅವರಲ್ಲಿ ಬಾಯಿಯ ಕ್ಯಾನ್ಸರಿನಿಂದ ಸತ್ತವರು ಮೂವತ್ತನಾಲ್ಕು. ಒಂಬತ್ತು ಇದ್ದದ್ದು ನಲವತ್ತಮೂರಾಯಿತು. ಹೊಗೆಸೊಪ್ಪು ತಿನ್ನುವವರು ಮೂವತ್ತೊಂಬತ್ತು, ತಿನ್ನದವರು ನಾಲ್ಕೇ. ಇನ್ನು ಆಕಸ್ಮಿಕ ಎನ್ನಲು ಯಾರಿಗೂ ಬಾಯಿ ಇರಲಿಲ್ಲ. ಹಿಂದಿನ ವರದಿ ತಪ್ಪು, ತಪ್ಪು ನನ್ನದು ಎಂದು ಕುಶಲಾ ಬರೆದು ಕಳಿಸಿದಳು. ಪ್ರೊಫೆಸರ್ ಹುದ್ದೆ ಅವಳಿಗಿಂತ ಕಿರಿಯನಿಗೆ ಹೋಯಿತು. ಅದಕ್ಕಾಗಿ ಬೇಸರಪಡುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ.

1987ರ ಫೆಬ್ರವರಿಯಲ್ಲಿ ದೆಹಲಿಯ ಕಾಗದ ಬಂತು. ಗುರುವಾರದ ತಪಾಸಣೆಯನ್ನು ಮತ್ತೆ ಆರಂಭಿಸಬಹುದು, ಬೆಂಗ್ರೆಯಲ್ಲಿ ಮಾತ್ರವಲ್ಲ, ನಾಲ್ಕೂ ಕೇರಿಗಳಲ್ಲಿ. ಕುಶಲಾ ಕಾಗದ ಹಿಡಿದುಕೊಂಡು ಆಯಾಗಳ ಕೋಣೆಗೆ ತಾನೇ ಹೋದಳು.

"ಅಮ್ಮಣ್ಣಿ, ಬೆಂಚು ಹೊರಗೆ ಹಾಕ್ಲಿಕ್ಕುಂಟು! ಬರುವ ಗುರುವಾರದಿಂದ!"

ಅಮ್ಮಣ್ಣಿಯ ಮುಖ ಅರಳಿತು. ಆದರೆ ಅರ್ಧ ಮಾತ್ರ ಅರಳಿತು. ಸೆರಗಿನ ತುದಿಯನ್ನು ಕೆನ್ನೆಗೆ ಒತ್ತಿ ಹಿಡಿದಿದ್ದಳು.

"ಒಳ್ಳೇದಾಯ್ತು ಡಾಕ್ಟ್ರಮ್ಮ. ಆದ್ರೆ ನಾನು ಬರ್ಲಿಕ್ಕಿಲ್ಲ. ಈ ತಿಂಗಳ ಕೊನೆಗೆ ಕೆಲಸ ಬಿಡ್ತೇನೆ." ಮಾತು ತೊದಲುತ್ತಿತ್ತು. "ಅಮ್ಮನ ಮನೆಗೆ ಹೋಗುವ ಅಂತ."

ಈ ಮಾತಿನ ಅರ್ಥ ತಿಳಿಯಲು ಕುಶಲಾಗೆ ಹತ್ತು ವರ್ಷ ಬೇಕಾಗಿತ್ತು. ಈಗ ತಿಳಿಯದ ಹಾಗೆ ಇರಲು ಸಾಧ್ಯವಿರಲಿಲ್ಲ.

"ನಿನ್ನ ಅಮ್ಮ ಸತ್ತು ಇಪ್ಪತ್ತು ವರ್ಷ ಆಯ್ತಲ್ಲ. ಮನೆಯನ್ನು ಕಡಲು ತೆಗೊಂಡು ಹೋಯ್ತು ಅಂತ ನೀನೇ ಹೇಳಿದ್ದಿ. ಯಾವ ಮನೆಗೆ ಹೋಗ್ತಿ?"

ಅಮ್ಮಣ್ಣಿ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಬಾಯಿ ತೆಗಿ."

"ಬೇಡ ಡಾಕ್ಟ್ರಮ್ಮ."

"ಬಾಯಿ ತೆಗಿ ಅಂದೆ! ಇಷ್ಟು ವರ್ಷ ನನ್ನ ಜೊತೆ ನಡೆದು, ನನಗೆ ಒಂದು ಮಾತು ಹೇಳ್ಲಿಕ್ಕಾಗ್ಲಿಲ್ವಾ ನಿನಗೆ?"

"ನಾನು ನಿಮ್ಮ ಕಾರ್ಡಿನಲ್ಲಿ ಇಲ್ಲ ಅಲ್ವಾ?" ಎಂದಳು ಅಮ್ಮಣ್ಣಿ. ಕುಟುಕಲು ಹೇಳಿದ್ದಲ್ಲ. ಕೆಲಸದವರ ಹೆಸರು ಪಟ್ಟಿಯಲ್ಲಿ ಸೇರಬಾರದು ಎಂದು 1974ರಲ್ಲಿ ಕುಶಲಾ ನಿಯಮ ಮಾಡಿದ್ದಳು. ಅಮ್ಮಣ್ಣಿ ನಿಯಮ ಮೀರಿದವಳಲ್ಲ.

ಕುಶಲಾ ಟಾರ್ಚು ಹಾಕಿ ನೋಡಿದಳು. ಎಂಟು ಸಾವಿರ ಬಾಯಿಗಳನ್ನು ನೋಡಿದ ಕಣ್ಣಿಗೆ ಎರಡನೆಯ ಸಲ ನೋಡುವ ಅಗತ್ಯ ಬೀಳಲಿಲ್ಲ. ಬಿಳಿ ಕಲೆಯ ಕಾಲ ಮುಗಿದು ಎರಡು ವರ್ಷವಾದರೂ ಆಗಿತ್ತು. ಆ ಎರಡು ವರ್ಷವೂ ಅಮ್ಮಣ್ಣಿ ಬಸ್ಸಿನಲ್ಲಿ ಕುಶಲಾಳ ಪಕ್ಕದ ಸೀಟಿನಲ್ಲಿ ಕೂತು ಸತ್ತವರನ್ನು ಹುಡುಕುತ್ತಿದ್ದಳು. ಕುಶಲಾ ಅವಳನ್ನು ತಬ್ಬಿಕೊಂಡು, ತನ್ನನ್ನು ತಾನೇ ಬೈದುಕೊಂಡು ಅತ್ತಳು. ಉಳಿದ ಆಯಾಗಳು ಎದ್ದು ಹೊರಗೆ ಹೋದರು.

ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದು ಕರೆಂಟು, ಎಂದರೆ ರೇಡಿಯೇಶನ್, ಕೊಡಿಸಿದಳು. ಪ್ರಯೋಜನವಾಗಲಿಲ್ಲ. ಆಮೇಲೆ ಅಮ್ಮಣ್ಣಿಯನ್ನು ಬಿಜೈಗೆ ಕರೆತಂದು ಜಲಜಾಕ್ಷಿ ಮಲಗಿದ್ದ ಕೋಣೆಯಲ್ಲೇ ಮಲಗಿಸಿದಳು. ಜಯಪಾಲ ದಿನವೂ ಹೋಟೆಲಿನಿಂದ ತೆಳ್ಳಗಿನ ಗಂಜಿ ಕಳಿಸಿದ. ಕುಶಲಾ ಬೆಳಗ್ಗೆ ಅವಳ ಗಾಯ ತೊಳೆದು, ಬಟ್ಟೆ ಬದಲಿಸಿ, ಗುರುವಾರಗಳಂದು ಕಡವಿಗೆ ಹೋಗುತ್ತಿದ್ದಳು. ಸಂಜೆ ಬಂದು ಇವತ್ತು ಎಷ್ಟು ಜನ ಬಂದಿದ್ದರು, ಯಾರ ಬಾಯಿಯಲ್ಲಿ ಏನಿತ್ತು ಎಂದು ಅವಳಿಗೆ ವರದಿ ಒಪ್ಪಿಸುತ್ತಿದ್ದಳು. ಮಾತು ನಿಂತುಹೋಗಿದ್ದ ಅಮ್ಮಣ್ಣಿ ಕೇಳಿ ತಲೆಯಾಡಿಸುತ್ತಿದ್ದಳು. ಐದು ತಿಂಗಳಿಗೆ ಸತ್ತಳು.

ಆ ವರ್ಷದ ಕೊನೆಗೆ ಅಂತಿಮ ವರದಿಯ ಅಚ್ಚಿನ ಪ್ರತಿ ಬಂತು. ಕುಶಲಾ ಕೋಷ್ಟಕದ ಪುಟ ತೆರೆದು ನೋಡಿದಳು. ಬಾಯಿಯ ಕ್ಯಾನ್ಸರಿನಿಂದ ಸತ್ತವರು ನಲವತ್ತಮೂರು. ಸಂಖ್ಯೆ ಸರಿಯಾಗಿತ್ತು, ಎಲ್ಲಿ ಕೂಡಿಸಿದರೂ ಸರಿಯಾಗಿತ್ತು. ಅಮ್ಮಣ್ಣಿ ಅದರಲ್ಲಿ ಇರಲಿಲ್ಲ, ಇರುವ ಹಾಗೂ ಇರಲಿಲ್ಲ.

ಮುಂದಿನ ಸೋಮವಾರ ಅಮ್ಮಣ್ಣಿಯ ಜಾಗಕ್ಕೆ ಉಳ್ಳಾಲದ ದೇಯಿ ಎಂಬ ಹೆಂಗಸು ಕೆಲಸಕ್ಕೆ ಬಂದಳು. ಶಾಲೆಯ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಕುಶಲಾ ಅದನ್ನು ನೋಡಲಿಲ್ಲ. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು ಅವಳನ್ನು ಕೂರಿಸಿ, ಟಾರ್ಚು ಕೈಗೆತ್ತಿಕೊಂಡಳು.

"ಬಾಯಿ ತೆಗಿ."

ದೇಯಿ ಗಾಬರಿಯಾದಳು. "ನಾನು ಕೆಲಸಕ್ಕೆ ಬಂದದ್ದು ಡಾಕ್ಟ್ರಮ್ಮ. ನನಗೆ ಎಂತ ಇಲ್ಲ."

"ಗೊತ್ತುಂಟು" ಎಂದಳು ಕುಶಲಾ. "ತೆಗಿ."